ಮಕ್ಕಳು ಪಾರಿವಾಳಗಳಲ್ಲ

ನಮ್ಮ ಸಂಘದ ಕಳೆದ ವಾರ್ಷಿಕ ಮಹಾಸಭೆಯಲ್ಲಿ ಒಂದು ಸಲಹೆ ಮಂಡಿತವಾಯಿತು. ಭಾನುವಾರದ ಕನ್ನಡ ವರ್ಗಕ್ಕೆ ಬರುವ ಮಕ್ಕಳು ಆಡುವ ಪ್ರತಿಯೊಂದು ಕನ್ನಡ ವಾಕ್ಯಕ್ಕೂ ಒಂದೊಂದು ಬಿಲ್ಲೆ ಕೊಡಬೇಕು. ತಿಂಗಳ ಕೊನೆಗೆ ಬಿಲ್ಲೆಗಳನ್ನು ಎಣಿಸಿ ಪೆನ್ನು, ಪುಸ್ತಕ, ಚಾಕಲೇಟು ಹಂಚಬೇಕು. ವರ್ಗದಲ್ಲಿ ಹಿಂದಿಯನ್ನೋ ಮರಾಠಿಯನ್ನೋ ಇಂಗ್ಲಿಷನ್ನೋ ಆಡಿದ ಮಗುವಿನಿಂದ ಎರಡು ಬಿಲ್ಲೆಗಳನ್ನು ಹಿಂದಕ್ಕೆ ಪಡೆಯಬೇಕು. ಸಭಿಕರು ಚಪ್ಪಾಳೆ ತಟ್ಟಿದರು. ಇದು ಮನೋವಿಜ್ಞಾನವೇ ಒಪ್ಪಿದ ವಿಧಾನವೆಂದು ಒಬ್ಬ ಹಿರಿಯರು ಸಮರ್ಥಿಸಿದರು. ವಿರೋಧಿಸಲು ಎದ್ದ ನನಗೆ ಎರಡು ನಿಮಿಷಗಳು ದೊರೆತವು. ಎರಡು ನಿಮಿಷಗಳಲ್ಲಿ ಹೇಳಲಾಗದುದನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ಸಲಹೆ ನೀಡಿದವರ ಕನ್ನಡಪ್ರೀತಿಯನ್ನು ನಾನು ಶಂಕಿಸುವುದಿಲ್ಲ. ಮೂರನೆಯ ತಲೆಮಾರಿನ ನಾಲಿಗೆಯಿಂದ ಕನ್ನಡ ಜಾರಿಹೋಗುತ್ತಿರುವ ಸಂಕಟ ಹೊರನಾಡಿನ ಪ್ರತಿಯೊಂದು ಮನೆಯದೂ ಆಗಿದೆ. ಆದರೆ "ಮನೋವಿಜ್ಞಾನ ಒಪ್ಪಿದೆ" ಎಂಬ ಮಾತನ್ನು ಮೂರು ದಶಕ ಕಾಲ ಕಾಲೇಜಿನಲ್ಲಿ ಅದೇ ವಿಷಯವನ್ನು ಬೋಧಿಸಿದ ನಾನು ಪರೀಕ್ಷಿಸದೆ ಬಿಡಲಾರೆ. ಯಾವ ಮನೋವಿಜ್ಞಾನ? ಅದು ಏನನ್ನು ಒಪ್ಪಿತು? ಎಲ್ಲಿ ಸೋತಿತು? ಇವುಗಳನ್ನು ಅರಿಯದೆ ಮಕ್ಕಳ ಕೈಗೆ ಬಿಲ್ಲೆ ಕೊಡುವುದು, ಔಷಧದ ಹೆಸರನ್ನು ಮಾತ್ರ ಬಲ್ಲವನು ಚಿಕಿತ್ಸೆಗೆ ತೊಡಗಿದಂತೆ.

ಈ ವಿಧಾನದ ಹಿಂದಿರುವ ಸಿದ್ಧಾಂತಕ್ಕೆ ವರ್ತನವಾದ ಎಂದು ಹೆಸರು. ಅಮೆರಿಕದ ಜಾನ್ ವಾಟ್ಸನ್ 1913ರಲ್ಲಿ ಪ್ರಕಟಿಸಿದ ಒಂದು ಲೇಖನ ಅದರ ಘೋಷಣಾಪತ್ರವೆನಿಸಿತು. 1879ರಲ್ಲಿ ಜರ್ಮನಿಯ ಲೀಪ್‌ಜಿಗ್‌ನಲ್ಲಿ ವುಂಟ್ ಪ್ರಯೋಗಶಾಲೆ ತೆರೆದಂದಿನಿಂದ ಮನೋವಿಜ್ಞಾನಿಗಳು ಅಂತರಾವಲೋಕನವನ್ನು ಬಹುಮಟ್ಟಿಗೆ ನೆಚ್ಚಿಕೊಂಡಿದ್ದರು. ಎಂದರೆ, ತನ್ನ ಮನಸ್ಸಿನಲ್ಲಿ ನಡೆಯುವುದನ್ನು ತಾನೇ ನೋಡಿ ವರದಿ ಮಾಡುವುದು. ಒಬ್ಬನ ವರದಿಯನ್ನು ಮತ್ತೊಬ್ಬನು ಪರೀಕ್ಷಿಸಲಾಗದ ಈ ಪದ್ಧತಿಯಿಂದ ವಿಜ್ಞಾನ ಬೆಳೆಯದೆಂಬುದು ವಾಟ್ಸನ್ನನ ಆಕ್ಷೇಪ. ಮನಸ್ಸು, ಪ್ರಜ್ಞೆ ಎಂಬ ಮಾತುಗಳನ್ನೇ ಕೈಬಿಟ್ಟು ಕಣ್ಣಿಗೆ ಕಾಣುವ ವರ್ತನೆಯನ್ನು ಅಳೆಯೋಣ. ವರ್ತನೆಯನ್ನು ಮುಂಗಂಡು ಹೇಳುವುದು, ಅದನ್ನು ನಿಯಂತ್ರಿಸುವುದು, ಇವೆರಡೇ ನಮ್ಮ ಗುರಿಯಾಗಲಿ ಎಂದು ಅವನು ಸಾರಿದನು. ಮೊದಲ ಮಾತಿನಲ್ಲಿ ವಿಜ್ಞಾನಿಯ ಶಿಸ್ತು ಇದೆ. ಎರಡನೆಯದರಲ್ಲಿ ಬರುವ "ನಿಯಂತ್ರಣ" ಎಂಬ ಪದವನ್ನು ಓದುಗರು ನೆನಪಿನಲ್ಲಿಡಬೇಕೆಂದು ವಿನಂತಿ.

ವರ್ತನವಾದದ ಮೊದಲ ಸೂತ್ರ ರಷ್ಯದ ಪಾವ್ಲಾವ್‌ನಿಂದ ಬಂದದ್ದು. ಜೀರ್ಣಕ್ರಿಯೆಯ ಸಂಶೋಧನೆಗಾಗಿ 1904ರಲ್ಲಿ ನೊಬೆಲ್ ಪಾರಿತೋಷಕ ಪಡೆದ ಈ ಶರೀರವಿಜ್ಞಾನಿಯ ನಾಯಿಗಳು, ಆಹಾರ ಬಾಯಿಗೆ ಬೀಳುವ ಮೊದಲೇ, ಅದನ್ನು ತರುವವನ ಸುಳಿವಿಗೇ ಜೊಲ್ಲು ಸುರಿಸುತ್ತಿದ್ದವು. ತಾಳಯಂತ್ರದ ಸದ್ದು ಮಾಡಿ ಕೂಡಲೇ ಆಹಾರವಿತ್ತರೆ, ಕೆಲವು ಆವರ್ತನೆಗಳ ಬಳಿಕ ಬರಿಯ ಸದ್ದಿಗೇ ಜೊಲ್ಲು ಬರುವುದನ್ನು ಅವನು ತೋರಿಸಿದನು. ಇದೇ ಅನುಬಂಧನ. ಸದ್ದಿನ ಬೆನ್ನಿಗೆ ಆಹಾರ ಬಾರದೆ ಹೋದರೆ ಜೊಲ್ಲು ಕ್ರಮೇಣ ನಿಲ್ಲುತ್ತದೆ, ಇದು ವಿಲೋಪ. ಒಂದು ಸದ್ದಿಗೆ ಕಲಿತದ್ದು ಅದನ್ನು ಹೋಲುವ ಸದ್ದುಗಳಿಗೂ ಹರಡುತ್ತದೆ, ಇದು ಸಾಮಾನ್ಯೀಕರಣ. ಆಹಾರ ತರುವ ಸದ್ದು ಯಾವುದು, ತಾರದ ಸದ್ದು ಯಾವುದು ಎಂಬುದನ್ನು ಪ್ರಾಣಿ ಬೇರ್ಪಡಿಸಲು ಕಲಿಯುತ್ತದೆ, ಇದು ವಿವೇಚನೆ.

1920ರಲ್ಲಿ ವಾಟ್ಸನ್ ಮತ್ತು ಅವನ ಸಹಾಯಕಿ ರೋಸಲಿ ರೇನರ್ ಇದನ್ನು ಸುಮಾರು ಹನ್ನೊಂದು ತಿಂಗಳ ಒಂದು ಕೂಸಿನ ಮೇಲೆ ಪ್ರಯೋಗಿಸಿದರು. ಆಲ್ಬರ್ಟ್ ಎಂದು ಕರೆಯಲಾದ ಆ ಮಗುವಿಗೆ ಬಿಳಿಯ ಇಲಿಯ ಭಯವಿರಲಿಲ್ಲ. ಅದು ಇಲಿಯನ್ನು ಮುಟ್ಟಲು ಕೈ ಚಾಚಿದಾಗಲೆಲ್ಲ ಬೆನ್ನ ಹಿಂದೆ ಉಕ್ಕಿನ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಕೆಲವೇ ಸಲಗಳಲ್ಲಿ ಇಲಿ ಕಂಡರೇ ಮಗು ಅಳಲಾರಂಭಿಸಿತು. ಮುಂದೆ ಮೊಲ, ನಾಯಿ, ತುಪ್ಪುಳದ ಕೋಟು ಕಂಡರೂ ಅತ್ತಿತು. ಆ ಭಯವನ್ನು ತೆಗೆದುಹಾಕದೆಯೇ ಪ್ರಯೋಗ ಮುಗಿಯಿತು. ಅದೇ ವರ್ಷ ವಿಶ್ವವಿದ್ಯಾಲಯವನ್ನು ಬಿಡಬೇಕಾಗಿ ಬಂದ ವಾಟ್ಸನ್ ಜಾಹೀರಾತು ಸಂಸ್ಥೆಯೊಂದನ್ನು ಸೇರಿದನು. 1928ರಲ್ಲಿ ಶಿಶುಪಾಲನೆಯ ಬಗ್ಗೆ ಪುಸ್ತಕ ಬರೆದು, ಮಕ್ಕಳನ್ನು ಅಪ್ಪಬೇಡಿ, ಮುದ್ದಿಸಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂದು ತಾಯಂದಿರಿಗೆ ಉಪದೇಶಿಸಿದನು.

ಇದೇ ಸೂತ್ರದಿಂದ ಒಳಿತೂ ಆಯಿತೆಂಬುದನ್ನು ಮರೆಮಾಚುವುದು ಅಪ್ರಾಮಾಣಿಕತೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ವಿದುಷಿ, ಮೊಲಕ್ಕೆ ಅಂಜುತ್ತಿದ್ದ ಪೀಟರ್ ಎಂಬ ಮಗುವಿನ ಭಯವನ್ನು ನೀಗಿಸಿದಳು. ಅವನು ಇಷ್ಟದ ತಿನಿಸು ತಿನ್ನುತ್ತಿರುವಾಗ ಮೊಲವನ್ನು ಮೊದಲು ದೂರದಲ್ಲಿಟ್ಟು, ದಿನದಿನಕ್ಕೆ ಹತ್ತಿರ ತಂದಳು. ಕೊನೆಗೆ ಪೀಟರ್ ಮೊಲವನ್ನು ನೇವರಿಸಿದನು. ಇಂದು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಲ್ಲಿ ನಡೆಯುವ ವರ್ತನ ಚಿಕಿತ್ಸೆಯ ಬೇರು ಇಂಥ ಪ್ರಯೋಗಗಳಲ್ಲಿದೆ. ಭಯ, ಗೀಳು, ದುರಭ್ಯಾಸಗಳಿಂದ ನರಳುವವರಿಗೆ ಅದರಿಂದ ನಿಜವಾದ ಉಪಕಾರವಾಗಿದೆ. ನನ್ನ ಜಗಳ ಆ ವೈದ್ಯಕ್ಕೆ ಸಂಬಂಧಿಸಿದ್ದಲ್ಲ.

ಎರಡನೆಯ ಸೂತ್ರವೇ ನಮ್ಮ ಬಿಲ್ಲೆಗಳ ಮೂಲ. 1898ರಲ್ಲಿ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿ ಕೂಡಿ, ಅವು ಅಗಳಿ ತೆಗೆದು ಹೊರಬರಲು ಹಿಡಿಯುವ ವೇಳೆಯನ್ನು ಅಳೆದನು. ಸುಖಕರ ಫಲ ನೀಡಿದ ಕ್ರಿಯೆ ಬೇರೂರುತ್ತದೆ ಎಂಬ "ಪರಿಣಾಮ ನಿಯಮ"ವನ್ನು ಅದರಿಂದ ರೂಪಿಸಿದನು. ಇದನ್ನು ಪೂರ್ಣ ಶಾಸ್ತ್ರವಾಗಿ ಬೆಳೆಸಿದವನು ಹಾರ್ವರ್ಡ್‌ನ ಬಿ. ಎಫ್. ಸ್ಕಿನ್ನರ್ (1904-1990). ಸನ್ನೆಕೋಲು ಒತ್ತಿದ ಇಲಿಗೆ, ಗುಂಡಿ ಕುಕ್ಕಿದ ಪಾರಿವಾಳಕ್ಕೆ ಕಾಳು ದೊರೆಯುವ ಪೆಟ್ಟಿಗೆ ಅವನ ಉಪಕರಣ. ಕ್ರಿಯೆಯ ಬೆನ್ನಿಗೆ ಬಂದು ಆ ಕ್ರಿಯೆ ಮರುಕಳಿಸುವಂತೆ ಮಾಡುವ ಯಾವುದೇ ಫಲವನ್ನು ಅವನು ಪುನರ್ಬಲನ ಎಂದು ಕರೆದನು. ಇದರಲ್ಲಿ ಎರಡು ಬಗೆ. ಕಾಳು ಕೊಡುವುದು ಧನಾತ್ಮಕ. ಕಿರುಕುಳವೊಂದನ್ನು ನಿಲ್ಲಿಸುವುದು ಋಣಾತ್ಮಕ: ತಾಯಿಯ ಗೊಣಗಾಟ ನಿಲ್ಲಲೆಂದು ಹುಡುಗ ಪುಸ್ತಕ ತೆರೆಯುತ್ತಾನಲ್ಲ, ಹಾಗೆ. ಈ ಎರಡನೆಯದನ್ನು ಶಿಕ್ಷೆಯೆಂದು ತಿಳಿಯುವುದು ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಋಣಾತ್ಮಕವಾದರೂ ಅದು ಕ್ರಿಯೆಯನ್ನು ಬೆಳೆಸುತ್ತದೆ; ಶಿಕ್ಷೆಯಾದರೋ ಕ್ರಿಯೆಯನ್ನು ಅದುಮಲು ನೋಡುತ್ತದೆ. ಫಲವನ್ನು ಪ್ರತಿ ಸಲವೂ ಕೊಡದೆ, ಯಾವ ಸಲಕ್ಕೆ ಬರುವುದೆಂದು ತಿಳಿಯದಂತೆ ಕೊಟ್ಟರೆ ಪ್ರಾಣಿ ಎಡೆಬಿಡದೆ ಕುಕ್ಕುತ್ತಲೇ ಇರುತ್ತದೆಂದೂ ಸ್ಕಿನ್ನರ್ ತೋರಿಸಿದನು. ಜೂಜುಕೋರನ ಚಟಕ್ಕೂ, ಗಳಿಗೆಗೊಮ್ಮೆ ಮೊಬೈಲು ಫೋನನ್ನು ತೆರೆದು ನೋಡುವ ನಮ್ಮೆಲ್ಲರ ಚಟಕ್ಕೂ ಇದಕ್ಕಿಂತ ಸ್ಪಷ್ಟವಾದ ವಿವರಣೆಯನ್ನು ನಾನು ಕಂಡಿಲ್ಲ.

ಹಾಗಾದರೆ ಬಿಲ್ಲೆ ಯೋಜನೆಯನ್ನು ಮೊದಲು ಸ್ಕಿನ್ನರನ ತಕ್ಕಡಿಯಲ್ಲಿಯೇ ತೂಗೋಣ.

ಪುನರ್ಬಲನ ಯಾವುದಕ್ಕೆ ದೊರೆಯುತ್ತದೆಯೋ ಅದೇ ಬೆಳೆಯುತ್ತದೆ. ನಮ್ಮ ಯೋಜನೆಯಲ್ಲಿ ಬಿಲ್ಲೆ ದೊರೆಯುವುದು ವಾಕ್ಯಗಳ ಸಂಖ್ಯೆಗೆ. ಆದುದರಿಂದ "ಇದು ಪೆನ್ನು, ಇದು ಮೇಜು, ಇದು ಕಿಟಕಿ" ಎಂದು ಹತ್ತು ಎಣಿಸುವ ಹುಡುಗನಿಗೆ ಹತ್ತು ಬಿಲ್ಲೆ; ರಜೆಯಲ್ಲಿ ಅಜ್ಜನ ಊರಿಗೆ ಹೋದಾಗ ಕರು ಹಾಕಿದ ಎಮ್ಮೆಯ ಕಥೆಯನ್ನು ತಡವರಿಸುತ್ತ ಒಂದೇ ಉದ್ದ ವಾಕ್ಯದಲ್ಲಿ ಹೇಳುವ ಹುಡುಗಿಗೆ ಒಂದು ಬಿಲ್ಲೆ. ಎರಡನೆಯ ತಿಂಗಳಿಗೆ ಆ ಹುಡುಗಿಯೂ ಪೆನ್ನು, ಮೇಜುಗಳನ್ನು ಎಣಿಸತೊಡಗುವಳು. ಅವಳನ್ನು ಹಾಗೆ ತರಬೇತುಗೊಳಿಸಿದವರು ನಾವೇ ಆಗುವೆವು.

ಬಿಲ್ಲೆ ಕಸಿಯುವುದು ಶಿಕ್ಷೆ. ಶಿಕ್ಷೆಯ ಮಾತಿನಲ್ಲಿ ವರ್ತನವಾದಿಗಳೇ ನಮಗೆ ಎದುರಾಗಿ ನಿಲ್ಲುತ್ತಾರೆ. ಬಹುಮಾನ ಕ್ರಿಯೆಯನ್ನು ಬಲಪಡಿಸುವಷ್ಟು ಶಿಕ್ಷೆ ಅದನ್ನು ದುರ್ಬಲಗೊಳಿಸದೆಂದು ಥಾರ್ನ್‌ಡೈಕ್ ತನ್ನ ನಿಯಮವನ್ನು ಮುಂದೆ ತಿದ್ದಿಕೊಂಡನು. ಸ್ಕಿನ್ನರ್ ಜೀವನದುದ್ದಕ್ಕೂ ಶಿಕ್ಷೆಯನ್ನು ವಿರೋಧಿಸಿದನು. ಅದು ವರ್ತನೆಯನ್ನು ತಾತ್ಕಾಲಿಕವಾಗಿ ಅದುಮುತ್ತದೆ, ಶಿಕ್ಷಿಸುವವನಿಂದ ತಪ್ಪಿಸಿಕೊಳ್ಳುವುದನ್ನು ಮಾತ್ರ ಕಲಿಸುತ್ತದೆ ಎಂಬುದು ಅವನ ವಾದ. ವರ್ಗದಲ್ಲಿ ದಂಡ ತಪ್ಪಿಸಿಕೊಳ್ಳಲು ಮಗುವಿಗಿರುವ ಅತ್ಯಂತ ಸುಲಭದ ದಾರಿ ಯಾವುದು? ಬಾಯಿ ಮುಚ್ಚಿ ಕುಳಿತಿರುವುದು. ದಂಡ ತಪ್ಪಿತೆಂಬ ನೆಮ್ಮದಿ ಆ ಮೌನಕ್ಕೆ ಋಣಾತ್ಮಕ ಪುನರ್ಬಲನವಾಗುತ್ತದೆ. ಕನ್ನಡ ಆಡಿಸಲು ಹೊರಟ ಯೋಜನೆ ಮೌನವನ್ನು ಆಡಿಸುತ್ತದೆ. ಕೂಲಿಮಠದ ಕೋದಂಡದ ಕಾಲ ಮುಗಿದು, ಮಕ್ಕಳಿಗೆ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದ್ದರೂ, "ದಂಡಂ ದಶಗುಣಂ" ಎಂಬ ನಂಬಿಕೆ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಇನ್ನು ವಿವೇಚನೆ ಮತ್ತು ವಿಲೋಪ. ಬಿಲ್ಲೆ ಕೊಡುವವರು ಯಾರು, ಎಲ್ಲಿ, ಯಾವ ವೇಳೆಯಲ್ಲಿ ಕೊಡುತ್ತಾರೆ ಎಂಬುದನ್ನು ಮಕ್ಕಳು ಪಾರಿವಾಳಗಳಿಗಿಂತ ಬೇಗ ಅರಿತುಕೊಳ್ಳುತ್ತಾರೆ. ಭಾನುವಾರ ಹತ್ತರಿಂದ ಹನ್ನೆರಡರ ವರೆಗೆ ಕನ್ನಡ, ಮೆಟ್ಟಿಲಿಳಿಯುತ್ತಿದ್ದಂತೆ ಹಿಂದಿ. ಸಂಘದ ಹಣ ಮುಗಿದು ಬಿಲ್ಲೆ ನಿಂತ ದಿನ ಆ ಎರಡು ಗಂಟೆಗಳ ಕನ್ನಡವೂ ನಿಲ್ಲುತ್ತದೆ. ಇಷ್ಟನ್ನು ತಿಳಿಯಲು ವರ್ತನವಾದವನ್ನು ಖಂಡಿಸಬೇಕಾಗಿಲ್ಲ, ಅದನ್ನು ಸರಿಯಾಗಿ ಓದಿದರೆ ಸಾಕು.

ಆದರೆ ಖಂಡನೆಯೂ ಅವಶ್ಯವೇ. ಏಕೆಂದರೆ ಬೀಳುವ ಫಲವೇ ಎಲ್ಲ ವರ್ತನೆಯ ಒಡೆಯನೆಂಬ ಹಮ್ಮು ಪ್ರಾಣಿಗಳ ಮುಂದೆಯೇ ಮುರಿದುಬಿದ್ದಿತು. 1930ರಲ್ಲಿ ಟೋಲ್ಮನ್ ಮತ್ತು ಹಾನ್‌ಜಿಕ್, ಕೆಲವು ಇಲಿಗಳನ್ನು ಹತ್ತು ದಿನ ಯಾವ ಆಹಾರವನ್ನೂ ಇಡದೆ ಜಟಿಲ ಹಾದಿಗಳಲ್ಲಿ ಅಲೆಯಗೊಟ್ಟರು. ಹನ್ನೊಂದನೆಯ ದಿನ ಆಹಾರವಿಟ್ಟೊಡನೆ ಅವು, ಮೊದಲಿನಿಂದಲೂ ಬಹುಮಾನ ಪಡೆಯುತ್ತಿದ್ದ ಇಲಿಗಳ ಸಮಕ್ಕೆ ಬಂದವು. ಬಹುಮಾನವಿಲ್ಲದ ದಿನಗಳಲ್ಲಿಯೂ ಅವು ಹಾದಿಯನ್ನು ಕಲಿಯುತ್ತಲೇ ಇದ್ದವು. ಸ್ಕಿನ್ನರನ ಶಿಷ್ಯರೇ ಆಗಿದ್ದ ಬ್ರೆಲೆಂಡ್ ದಂಪತಿಗಳು ಪ್ರಾಣಿಗಳಿಗೆ ಆಟ ಕಲಿಸುವ ಉದ್ಯಮ ನಡೆಸುತ್ತಿದ್ದರು. 1961ರ ಅವರ ಲೇಖನವನ್ನು ನಮ್ಮ ಬಿಲ್ಲೆಪ್ರಿಯರು ಅವಶ್ಯವಾಗಿ ಓದಬೇಕು. ನಾಣ್ಯವನ್ನು ಡಬ್ಬಿಗೆ ಹಾಕಿದರೆ ಆಹಾರವೆಂದು ರಕೂನ್ ಎಂಬ ಪ್ರಾಣಿಗೆ ಅವರು ಕಲಿಸಿದರು. ಎರಡು ನಾಣ್ಯಗಳು ಕೈಗೆ ಬಂದೊಡನೆ ಅದು ಅವುಗಳನ್ನು ಡಬ್ಬಿಗೆ ಹಾಕದೆ ಒಂದಕ್ಕೊಂದು ಉಜ್ಜುತ್ತ ಕುಳಿತುಬಿಟ್ಟಿತು. ದಿನಗಳೆದಂತೆ ಈ ಚಾಳಿ ಹೆಚ್ಚಿತು. ನಾಣ್ಯ ಸಾಗಿಸಲು ಕಲಿತ ಹಂದಿ ಅದನ್ನು ಮೂತಿಯಿಂದ ನೆಲಕ್ಕೆ ಕೆಡವಿ ಕೆದಕತೊಡಗಿತು. ಆಹಾರ ತಡವಾದರೂ ಹುಟ್ಟುಗುಣ ಪಾಠವನ್ನು ಮೀರಿತು.

ಪ್ರೀತಿಯ ವಿಷಯದಲ್ಲಿ ಈ ಸಿದ್ಧಾಂತದ ಸೋಲು ಇನ್ನೂ ದೊಡ್ಡದು. ಕೂಸು ತಾಯಿಯನ್ನು ಹಚ್ಚಿಕೊಳ್ಳುವುದು ಅವಳು ಹಾಲೂಡುವುದರಿಂದ ಎಂಬ ವಾದ ಅಂದು ಪ್ರಬಲವಾಗಿತ್ತು. 1958ರಲ್ಲಿ ಹಾರ್ಲೋ ಕೋತಿಯ ಮರಿಗಳಿಗೆ ಎರಡು ಕೃತಕ ತಾಯಂದಿರನ್ನು ಮಾಡಿಕೊಟ್ಟ ಪ್ರಯೋಗದ ವಿವರ ಪ್ರಕಟಿಸಿದನು: ಒಂದು ಬರಿಯ ತಂತಿಯದು, ಇನ್ನೊಂದು ಮೆತ್ತನೆಯ ಬಟ್ಟೆ ಹೊದೆಸಿದ್ದು. ಹಾಲಿನ ಶೀಷೆ ತಂತಿಯ ತಾಯಿಗೆ ಇದ್ದಾಗಲೂ ಮರಿಗಳು ಹಾಲು ಕುಡಿದು ಬಂದು ಬಟ್ಟೆಯ ತಾಯಿಯನ್ನೇ ತಬ್ಬಿದವು. ಕೈಕುಲುಕಿದರೆ ಸಾಕೆಂದ ವಾಟ್ಸನ್ನನಿಗೆ ಆ ಮರಿಗಳು ಕೊಟ್ಟ ಉತ್ತರಕ್ಕಿಂತ ಮಿಗಿಲಾದ ಉತ್ತರವಿಲ್ಲ.

ಭಾಷೆಗೆ ಬರೋಣ. 1957ರಲ್ಲಿ ಸ್ಕಿನ್ನರ್ ಮಾತನ್ನೂ ಪುನರ್ಬಲನದಿಂದಲೇ ವಿವರಿಸುವ ದೊಡ್ಡ ಗ್ರಂಥ ಬರೆದನು. 1959ರಲ್ಲಿ ಚಾಮ್‌ಸ್ಕಿ ಅದನ್ನು ವಿಮರ್ಶಿಸುತ್ತ, ಪೆಟ್ಟಿಗೆಯೊಳಗೆ ನಿಖರವಾಗಿದ್ದ ಪ್ರಚೋದನೆ, ಪುನರ್ಬಲನ ಎಂಬ ಪದಗಳು ಮನುಷ್ಯನ ಮಾತಿಗೆ ಅನ್ವಯಿಸಿದೊಡನೆ ಅರ್ಥ ಕಳೆದುಕೊಳ್ಳುತ್ತವೆಂದು ತೋರಿಸಿದನು. ಮಗು ತಾನೆಂದೂ ಕೇಳದ ವಾಕ್ಯವನ್ನು ಆಡುತ್ತದೆ, ಅರ್ಥಮಾಡಿಕೊಳ್ಳುತ್ತದೆ. ಹಿಂದೆ ದೊರೆತ ಬಹುಮಾನದ ಲೆಕ್ಕದಿಂದ ಇದನ್ನು ವಿವರಿಸುವುದು ಹೇಗೆ? ಚಾಮ್‌ಸ್ಕಿಯ ಸ್ವಂತ ಸಿದ್ಧಾಂತದ ಬಗೆಗೂ ವಿವಾದಗಳು ನಿಂತಿಲ್ಲ. ಆದರೆ ಈ ಪ್ರಶ್ನೆ ಉಳಿದಿದೆ. 1958ರಲ್ಲಿ ಜೀನ್ ಬರ್ಕೊ, ಇಲ್ಲದ ಪ್ರಾಣಿಗಳಿಗೆ ಇಲ್ಲದ ಹೆಸರುಗಳನ್ನಿಟ್ಟು, ಅವುಗಳ ಬಹುವಚನವನ್ನು ಪುಟ್ಟ ಮಕ್ಕಳು ಸರಿಯಾಗಿ ಹೇಳುವುದನ್ನು ಕಂಡಳು. ಕೇಳದ ಪದಕ್ಕೆ ಹಿಂದೆ ಬಹುಮಾನ ದೊರೆತಿರುವುದು ಅಸಾಧ್ಯವಷ್ಟೆ.

ಇದಕ್ಕೆ ಕನ್ನಡದ ಸಾಕ್ಷ್ಯ ನಮ್ಮ ಮನೆಯಲ್ಲಿಯೇ ದೊರೆಯಿತು. ಮೂರು ವರ್ಷದ ನನ್ನ ಮೊಮ್ಮಗಳು ಒಂದು ಸಂಜೆ ಬಂದು "ಅಜ್ಜಿ ಲಾಡು ಕೊಡಿದಳು" ಎಂದಳು. ಮನೆಯಲ್ಲಿ ಯಾರೂ ಹಾಗೆ ಹೇಳಿದವರಲ್ಲ. ಆದುದರಿಂದ ಅದು ಅನುಕರಣೆಯಲ್ಲ. ಹಾಗೆಂದುದಕ್ಕೆ ಯಾರೂ ಬಹುಮಾನ ಕೊಟ್ಟವರಲ್ಲ. ನೋಡು, ನೋಡಿದಳು, ಮಾಡು, ಮಾಡಿದಳು, ಹಾಡು, ಹಾಡಿದಳು ಎಂಬ ನಿಯಮವನ್ನು ಆ ಕೂಸು ಯಾರ ಸಹಾಯವೂ ಇಲ್ಲದೆ ಹುಡುಕಿ, "ಕೊಡು" ಎಂಬುದಕ್ಕೂ ಹಚ್ಚಿತ್ತು. ಅದು ತಪ್ಪಿನ ವೇಷದಲ್ಲಿ ಬಂದ ವ್ಯಾಕರಣ. ಕೆಲವು ತಿಂಗಳು ಕಳೆಯುವಷ್ಟರಲ್ಲಿ "ಕೊಟ್ಟಳು" ತಾನಾಗಿ ಬಂದಿತು. ತಾಯ್ತಂದೆಯರು ಚಿಕ್ಕ ಮಕ್ಕಳ ಮಾತಿನಲ್ಲಿ ಸಾಮಾನ್ಯವಾಗಿ ತಿದ್ದುವುದು ಸತ್ಯಾಸತ್ಯವನ್ನೇ ಹೊರತು ವ್ಯಾಕರಣವನ್ನಲ್ಲ ಎಂದು 1970ರಲ್ಲಿ ಬ್ರೌನ್ ಮತ್ತು ಹ್ಯಾನ್ಲನ್ ಗಮನಿಸಿದ್ದರು. ಆದರೂ ಮಕ್ಕಳು ವ್ಯಾಕರಣ ಕಲಿಯುತ್ತಾರೆ.

ಬಹುಮಾನದಿಂದ ಹಾನಿಯಾದರೂ ಇಲ್ಲವಲ್ಲ ಎಂದು ಕೇಳಬಹುದು. ಹಾನಿಯಿದೆ. 1973ರಲ್ಲಿ ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬವರು, ಚಿತ್ರ ಬರೆಯುವುದನ್ನು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುವೆವೆಂದು ಮೊದಲೇ ಹೇಳಿ ಬರೆಯಿಸಿದರು. ಕೆಲವು ದಿನಗಳ ಬಳಿಕ ನೋಡಿದಾಗ, ಪ್ರಶಸ್ತಿಗಾಗಿ ಬರೆದ ಮಕ್ಕಳು ಬಿಡುವಿನಲ್ಲಿ ಚಿತ್ರಕ್ಕೆ ಕೊಡುತ್ತಿದ್ದ ವೇಳೆ ಉಳಿದವರದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರಲ್ಲಿ ಈ ಕುಂದು ಕಾಣಲಿಲ್ಲ. ಆಟವಾಗಿದ್ದುದು ಕೂಲಿಯಾದಾಗ ಸೊಗಸು ಕಳೆಯಿತು. ರುಚಿಯೇ ಇಲ್ಲದ ಕೆಲಸಕ್ಕೆ, ಕಾಗುಣಿತ ತಿದ್ದಿಸುವಂಥದಕ್ಕೆ, ಒಂದಿಷ್ಟು ಆಸೆ ತೋರಿಸುವುದನ್ನು ನಾನು ಅಡ್ಡಗಟ್ಟಲಾರೆ. ವರ್ಷಕ್ಕೊಮ್ಮೆ ರಾಜ್ಯೋತ್ಸವದಂದು ಮಗುವೊಂದನ್ನು ಕರೆದು ಪುಸ್ತಕ ಕೊಡುವುದಕ್ಕೂ ನನ್ನ ಅಭ್ಯಂತರವಿಲ್ಲ. ತಾಯಿನುಡಿಯ ವಾಕ್ಯಕ್ಕೆ ಇಂತಿಷ್ಟು ಎಂದು ದರ ಕಟ್ಟಬಾರದು.

ಇಷ್ಟು ಹೇಳಿದ ಮೇಲೆ, ನಮ್ಮೆಲ್ಲರಿಗೂ ಕಹಿಯಾಗುವ ಮಾತೊಂದನ್ನು ಹೇಳಬೇಕಾಗಿದೆ. ಭಾಷೆಯ ಗಳಿಕೆಯನ್ನು ವಿವರಿಸಲಾರದ ವರ್ತನವಾದ, ನಮ್ಮ ಮನೆಗಳಲ್ಲಿ ಆದ ಭಾಷೆಯ ನಷ್ಟವನ್ನು ಮಾತ್ರ ಚೆನ್ನಾಗಿಯೇ ವಿವರಿಸುತ್ತದೆ. ಮನೆಗೆ ಬಂದ ನೆಂಟರ ಮುಂದೆ ಮಗು ಇಂಗ್ಲಿಷ್ ಪದ್ಯ ಒಪ್ಪಿಸಿದಾಗ ಚಪ್ಪಾಳೆ ತಟ್ಟಿದವರು ನಾವು. ಅದೇ ಮಗು "ಕೊಡಿದಳು" ಎಂದಾಗ ಗೊಳ್ಳೆಂದು ನಕ್ಕು, ಅದನ್ನು ಮತ್ತೆ ಮತ್ತೆ ಹೇಳಿಸಿ, ಊರಿನಿಂದ ಬಂದ ಚಿಕ್ಕಪ್ಪನ ಮುಂದೆ "ಇವಳ ಕನ್ನಡ ಕೇಳಿ" ಎಂದು ಮೋಜು ಮಾಡಿದವರೂ ನಾವೇ. ಊರಿನ ಮದುವೆಮನೆಗಳಲ್ಲಿ ನಮ್ಮ ಮಕ್ಕಳ ಉಚ್ಚಾರವನ್ನು ಅಣಕಿಸಿದ ಬಂಧುಗಳನ್ನು ತಡೆಯದೆ ಕುಳಿತವರೂ ನಾವೇ. ಪ್ರತಿಯೊಂದು ನಗೆಯೂ ಒಂದು ಶಿಕ್ಷೆ. ಅದನ್ನು ತಪ್ಪಿಸಿಕೊಳ್ಳಲು ಮಗು ಕನ್ನಡದಲ್ಲಿ ಕೇಳಿದ್ದಕ್ಕೆ ಹಿಂದಿಯಲ್ಲಿ ಉತ್ತರ ಕೊಟ್ಟಿತು. ನಾವು ಆ ಉತ್ತರವನ್ನು ಒಪ್ಪಿಕೊಂಡು ಮುಂದೆ ನಡೆದೆವು. ಯಾವ ಪೆಟ್ಟಿಗೆಯೂ ಇಲ್ಲದೆ, ಯಾವ ಠರಾವೂ ಇಲ್ಲದೆ, ದಶಕಗಳಿಂದ ನಮ್ಮ ಮನೆಗಳಲ್ಲಿ ಈ ಪ್ರಯೋಗ ನಡೆದಿದೆ. ಸ್ವತಃ ನಾನೂ ನನ್ನ ಮಗನ ಮೇಲೆ ಇದನ್ನು ನಡೆಸಿದವನು. ಅವನು ಇಂದಿಗೂ ತಾಯಿಯೊಡನೆ ಕನ್ನಡ ಆಡುತ್ತಾನೆ, ನನ್ನೊಡನೆ ಇಂಗ್ಲಿಷ್. ಅವನ ಕನ್ನಡಕ್ಕೆ ಅವಳು ನಗಲಿಲ್ಲ, ನಾನು ನಕ್ಕಿದ್ದೆ. ಮನೋವಿಜ್ಞಾನ ಬೋಧಿಸುತ್ತಿದ್ದವನಿಗೇ ಇದು ಹೊಳೆಯಲು ಇಪ್ಪತ್ತು ವರ್ಷಗಳು ಹಿಡಿದವು.

ಆದುದರಿಂದ ಕಾರ್ಯಕಾರಿ ಸಮಿತಿಯಲ್ಲಿ ನನ್ನ ಬಿನ್ನಹವಿಷ್ಟೆ. ಬಿಲ್ಲೆಗಳ ಠರಾವನ್ನು ಕೈಬಿಡಿ. ಅದಕ್ಕೆ ತೆಗೆದಿರಿಸಿದ ಹಣದಿಂದ ವರ್ಗದಲ್ಲಿ ನಾಟಕ ಆಡಿಸಿ, ಮಕ್ಕಳಿಗೆ ತಮ್ಮೊಳಗೆ ಕನ್ನಡದಲ್ಲಿಯೇ ತೀರಿಸಿಕೊಳ್ಳಬೇಕಾದ ಕೆಲಸಗಳನ್ನು ಕೊಡಿ. ಸಂಘದ ಅಜ್ಜ ಅಜ್ಜಿಯರು ಭಾನುವಾರ ಬಂದು ಕುಳಿತು ಕಥೆ ಹೇಳಲಿ, ಮಕ್ಕಳಿಂದಲೂ ಹೇಳಿಸಲಿ. ನಡುವೆ ಹಿಂದಿ ಬಂದರೆ ಬರಲಿ, ಕಥೆ ನಿಲ್ಲದಿರಲಿ. ದಂಡ ವಿಧಿಸಲೇಬೇಕೆಂಬ ಉತ್ಸಾಹವಿದ್ದರೆ ಅದನ್ನು ಹಿರಿಯರ ಮೇಲೆ ವಿಧಿಸೋಣ: ಮಗುವಿನ ತಪ್ಪು ಕನ್ನಡಕ್ಕೆ ನಕ್ಕ ಸದಸ್ಯರು ಸಂಘದ ಗ್ರಂಥಾಲಯಕ್ಕೆ ಒಂದು ಪುಸ್ತಕ ಕೊಡತಕ್ಕದ್ದು. ಮೊದಲನೆಯದನ್ನು ನಾನು ಕೊಡುತ್ತೇನೆ.